ಸೂಜಿ ಹೋಗದ ಜಾಗ

ಬಯಾಪ್ಸಿ ರಿಪೋರ್ಟ್ ಬಂದ ದಿನ ದೊಡ್ಡಪ್ಪ ಹೊಳಲ್ಕೆರೆಯ ನಮ್ಮ ಮನೆಗೆ ಪೇಡ ತಂದಿದ್ದರು. ಅಪ್ಪನ ಪ್ರಾಸ್ಟೇಟ್ ಗ್ರಂಥಿಯಿಂದ ತೆಗೆದ ಚೂರುಗಳಲ್ಲಿ ಕ್ಯಾನ್ಸರ್ ಇಲ್ಲ ಎಂದು ರಿಪೋರ್ಟಿನಲ್ಲಿ ಬರೆದಿತ್ತು. ಹಿರಿಯೂರಿನ ಕಾಲೇಜಿನಲ್ಲಿ ಪಾಠ ಮಾಡುವ ನಾನು ರಜೆ ಹಾಕಿ ಬಂದಿದ್ದೆ.

“ದಾವಣಗೆರೇಲಿ ತೆಗೆಸಿದ್ದ ಎಂಆರ್‌ಐ ನೋಡಿ ಚಿತ್ರದುರ್ಗದ ಡಾಕ್ಟರ್ ಏನಂದ್ರು?” ಎಂದು ಕೇಳಿದೆ.

“ಅದ್ನ ತೋರಿಸ್ಲೇ ಇಲ್ಲ,” ಎಂದರು ದೊಡ್ಡಪ್ಪ. “ಬೀರುದಾಗೇ ಐತೆ. ತೋರಿಸಿದ್ರೆ ನೋಡ್ಕಂಡು ಅದ್ನೇ ಹೇಳ್ತಾರೆ. ತಾವೇ ಕಂಡುಹಿಡೀಲಿ ಅಂತ ಸುಮ್ನಿದ್ದೆ.”

ನಮ್ಮ ಮನೆಯಲ್ಲಿ ಇದು ಹಳೆಯ ಜಾಣತನ. ಹೊಸ ಡಾಕ್ಟರಿಗೆ ಹಳೆಯ ಡಾಕ್ಟರ ಚೀಟಿ ತೋರಿಸುವುದಿಲ್ಲ. ಇಬ್ಬರೂ ಒಂದೇ ಮಾತು ಹೇಳಿದರೆ ಮಾತ್ರ ರೋಗ ನಿಜ. ಅಜ್ಜಿಯ ಮಂಡಿನೋವಿನ ಮಟ್ಟಿಗೆ ಇದರಿಂದ ನಷ್ಟವೇನೂ ಆಗಿರಲಿಲ್ಲ.

ಬೀರುವಿನಿಂದ ಎಂಆರ್‌ಐ ತೆಗೆದು, ಎರಡೂ ವರದಿಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಿದೆ. ಸ್ಕ್ಯಾನಿನಲ್ಲಿ ಕಂಡ ಅನುಮಾನದ ಕಲೆ ಗ್ರಂಥಿಯ ಮುಂಭಾಗದಲ್ಲಿತ್ತು. ಚೂರು ತೆಗೆದ ಜಾಗಗಳೆಲ್ಲ ಹಿಂಭಾಗದವು. ಸೂಜಿ ಆ ಕಲೆಯ ಹತ್ತಿರಕ್ಕೂ ಹೋಗಿರಲಿಲ್ಲ. ಹಾಗೆಂದು ಹೇಳಿದೆ.

“ಇದು ಗಂಡಸ್ರ ವಿಷ್ಯ ಕಣವ್ವ. ನೀನ್ಯಾಕೆ ಇದ್ರಾಗೆ ತಲೆ ಹಾಕ್ತೀಯ?” ಎಂದರು ದೊಡ್ಡಪ್ಪ.

ನಾನು ಅಪ್ಪನ ಕಡೆ ತಿರುಗಿದೆ. ಅವರದು ಪಂಪ್‌ಸೆಟ್ ರಿಪೇರಿ ಅಂಗಡಿ. “ಮೋಟ್ರು ತಂದೋರು ಎಲ್ಲಿ ಶಬ್ದ ಬರ್ತೈತೆ ಅಂತ ಹೇಳ್ದಿದ್ರೆ ಏನ್ಮಾಡ್ತೀಯಪ್ಪ?” ಎಂದೆ.

“ಬಾಯಿಗೆ ಬಂದಂಗೆ ಬೈತೀನಿ,” ಎಂದವರು ಎದ್ದು ಅಂಗಿ ಹಾಕಿಕೊಂಡರು. “ನಡಿ, ಹೋಗಾಣ.”

ಬಯಾಪ್ಸಿ ಮಾಡಿದ್ದ ಚಿತ್ರದುರ್ಗದ ಡಾಕ್ಟರ್ ಎಂಆರ್‌ಐ ಫಿಲಂ ಅನ್ನು ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದರು. “ಇದನ್ನ ಮೊದ್ಲೇ ಯಾಕ್ರಿ ತೋರಿಸ್ಲಿಲ್ಲ?”

“ನೀವ್ಯಾಕೆ ಕೇಳ್ಲಿಲ್ಲ ಸರ್?” ಎಂದೆ.

ಮುಚ್ಚಿಟ್ಟದ್ದು ದೊಡ್ಡಪ್ಪನ ತಪ್ಪು, ಸರಿ. ಆದರೆ ಸ್ಕ್ಯಾನ್ ಆಗಿದೆಯೇ ಎಂದು ಒಂದು ಮಾತೂ ಕೇಳದೆ ಸೂಜಿ ಹಿಡಿದವರು ಇವರು. ದೊಡ್ಡಪ್ಪ ಡಾಕ್ಟರನ್ನು ಪರೀಕ್ಷೆ ಮಾಡಿದರು, ಡಾಕ್ಟರಿಗೆ ಆತುರ. ನೋವು ತಿಂದು, ಆಮೇಲೆ ಜ್ವರ ಬಂದು ಮಲಗಿದ್ದು ಮಾತ್ರ ಅಪ್ಪ.

ಡಾಕ್ಟರ್ ಬೆಂಗಳೂರಿನ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟರು. ಅಲ್ಲಿ ಎಂಆರ್‌ಐ ಚಿತ್ರವನ್ನು ಅಲ್ಟ್ರಾಸೌಂಡ್ ಚಿತ್ರದ ಮೇಲೆ ಕೂರಿಸಿಕೊಂಡು, ಕಲೆ ಇದ್ದ ಕಡೆಗೇ ಸೂಜಿ ಇಳಿಸಿದರು. ಕ್ಯಾನ್ಸರ್ ಇತ್ತು. ಗ್ರಂಥಿಯನ್ನು ದಾಟಿ ಹೋಗಿಲ್ಲ, ಆಪರೇಷನ್ ಮಾಡಬಹುದು ಎಂದರು.

ದೊಡ್ಡಪ್ಪನಿಗೆ ಫೋನ್ ಮಾಡಿ ತಿಳಿಸಿದೆ. “ಎಲ್ಲಾ ಒಳ್ಳೇದೇ ಆತು ಬಿಡವ್ವ. ಸಿಕ್ತಲ್ಲ!” ಎಂದರು, ತಾವೇ ಹುಡುಕಿಕೊಟ್ಟವರ ಹಾಗೆ.

ಎಲ್ಲಾ ಒಳ್ಳೆಯದೇ ಆಯಿತು ಎಂದು ಒಪ್ಪಲು ನನಗೆ ಮನಸ್ಸಾಗಲಿಲ್ಲ. ಈಗಲೂ ಆಗುವುದಿಲ್ಲ. ಫೋನನ್ನು ಅಪ್ಪನ ಕೈಗೆ ಕೊಟ್ಟೆ.

“ಆಪರೇಷನ್ ದಿನ ನೀನು ಬರದು ಬ್ಯಾಡಣ್ಣ,” ಎಂದರು ಅಪ್ಪ. “ಅಂಗಡಿ ನೋಡ್ಕ. ಡಾಕ್ಟರ ಹತ್ರ ಮಗಳು ಮಾತಾಡ್ತಾಳೆ.”