ಫೋಟೋದಲ್ಲಿ ಸಿಕ್ಕ ಮನೆ

ವರ್ಲೀನ್ ಪ್ರೂಯಿಟ್ ತಪ್ಪು ಹುಡುಕಿಯೇ ಅನ್ನ ಉಂಡವಳು. ಓಹಾಯೋದ ಡೇಟನ್ ಊರಲ್ಲಿ, ಕೆಸಿಂಜರ್ ಮನೆ ವ್ಯವಹಾರದ ಕಚೇರಿಯಲ್ಲಿ ಹತ್ತೊಂಬತ್ತು ವರ್ಷ ಅವಳು ಮಾಡಿದ್ದು ಒಂದೇ ಕೆಲಸ. ಮಾರಾಟಕ್ಕೆ, ಬಾಡಿಗೆಗೆ ಇರುವ ಮನೆಗಳ ಫೋಟೋ ಜಾಹೀರಾತಿಗೆ ಹೋಗುವ ಮುಂಚೆ ಅವಳ ಕಣ್ಣ ಕೆಳಗೆ ಹಾದು ಹೋಗಬೇಕಿತ್ತು. ಬಣ್ಣ, ಧರ್ಮ, ಮಕ್ಕಳು, ಊನ ಇವನ್ನೆಲ್ಲ ನೋಡಿ ಯಾರಿಗೂ ಮನೆ ಇಲ್ಲ ಅನ್ನಬಾರದು ಅಂತ ಕಾನೂನು ಇದೆಯಲ್ಲ, ಬಾಯಲ್ಲಿ ಅನ್ನದ್ದನ್ನು ಚಿತ್ರವೂ ಅನ್ನಬಾರದು. ಹಜಾರದ ಗೋಡೆಯಲ್ಲಿ ಶಿಲುಬೆ ಕಂಡರೆ ತೆಗೆಸುತ್ತಿದ್ದಳು. ಮನೆಯವರ ಮದುವೆ ಫೋಟೋ ಕಂಡರೆ ಅಳಿಸುತ್ತಿದ್ದಳು. ಜಾಹೀರಾತಿನ ಮೂಲೆಯಲ್ಲಿ, ಪುಟ್ಟ ಮನೆಯೊಳಗೆ ಎರಡು ಗೆರೆ ಎಳೆದ ಆ ಸಮಾನತೆಯ ಗುರುತು ಇಲ್ಲದಿದ್ದರೆ ಇಡೀ ಕಟ್ಟನ್ನೇ ವಾಪಸು ಎಸೆಯುತ್ತಿದ್ದಳು.

"ನಿನ್ನ ಕೈಗೆ ಸಿಕ್ಕಿದ್ರೆ ಏಸು ಕೂಡ ಗೋಡೆ ಬಿಟ್ಟು ಓಡ್ಬೇಕು ಕಣೇ," ಎಂದು ಕಚೇರಿಯ ಫೋಟೋಗ್ರಾಫರ್ ರಾಯ್ ಡೆಟ್ಮರ್ ರೇಗಿಸುತ್ತಿದ್ದ. ಬಿಳಿಯ, ಹೊಟ್ಟೆ ಬಂದವನು, ಬಾಯಿ ತುಂಬ ನಗು. ಹತ್ತೊಂಬತ್ತು ವರ್ಷವೂ ಇಬ್ಬರೂ ಒಂದೇ ಮೇಜಿನಲ್ಲಿ ಕೂತು ಬುತ್ತಿ ಬಿಚ್ಚಿದವರು.

"ಓಡ್ಲಿ ಬಿಡು. ಮನೆ ಸಿಗದೇ ಇರೋರು ಓಡಿ ಓಡಿ ಸುಸ್ತಾಗಿದಾರೆ, ಅವನೂ ಒಂದಿನ ಓಡ್ಲಿ," ಎನ್ನುತ್ತಿದ್ದಳು ಇವಳು. ಪ್ರತಿ ಭಾನುವಾರ ತಪ್ಪದೆ ಚರ್ಚಿಗೆ ಹೋಗುವವಳ ಬಾಯಲ್ಲಿ ಬರುವ ಮಾತೇ ಇದು! ಆದರೆ ಆ ಕೆಲಸದ ಮೇಲೆ ಅವಳಿಗೆ ಅಷ್ಟು ಹೆಮ್ಮೆ. ಅವಳ ಅಮ್ಮ ಅರ್ಲೀನ್‌ಗೆ ಹರೆಯದಲ್ಲಿ ನಾಲ್ಕು ಬೀದಿ ಬಿಟ್ಟು ಐದನೆಯದರಲ್ಲಿ ಮನೆ ಕೇಳುವ ಹಾಗಿರಲಿಲ್ಲ. ಕರಿಯರಿಗೆ ನದಿಯ ಈಚೆ ದಡ, ಅಷ್ಟೇ. ಮಗಳು ಈಗ ಅಂಥ ಬಾಗಿಲುಗಳ ಕಾವಲಿಗೆ ಕೂತಿದ್ದಾಳೆ ಅಂದರೆ ಸಣ್ಣ ಮಾತೇ?

ಆ ಅಮ್ಮನಿಗೆ ಈಗ ಎಪ್ಪತ್ತೊಂಬತ್ತು. ಸಕ್ಕರೆ ಕಾಯಿಲೆ, ಮಂಡಿ ಎರಡೂ ಹೋಗಿದ್ದವು. ತಾಯಿ ಮಗಳು ಇದ್ದದ್ದು ಲಿಫ್ಟ್ ಇಲ್ಲದ ಕಟ್ಟಡದ ಮೂರನೇ ಮಹಡಿಯಲ್ಲಿ. ನಲವತ್ತೊಂದು ಮೆಟ್ಟಿಲು. ನೆಲಮಟ್ಟದಲ್ಲೊಂದು ಮನೆ ಬೇಕು, ಅಮ್ಮ ಬೀಳುವ ಮುಂಚೆ ಬೇಕು. ವರ್ಲೀನ್‌ಗೆ ಬೇರೆ ಯಾವ ಆಸೆಯೂ ಇರಲಿಲ್ಲ.

ಮೇ ತಿಂಗಳಲ್ಲಿ ಯಜಮಾನ ಡೇಲ್ ಕೆಸಿಂಜರ್ ಅವಳ ಮೇಜಿನ ಹತ್ತಿರ ಬಂದು ನಿಂತ. ಅವನ ಹೊಸ ಬಾಡಿಗೆ ವಸತಿ 'ಮೇಪಲ್ ರನ್' ತಯಾರಾಗಿತ್ತು: ಈಜುಕೊಳ, ಹುಲ್ಲುಹಾಸು, ನೆಲಮಟ್ಟದ ಮನೆಗಳು. ಅದರ ಫೋಟೋಗಳನ್ನು ವರ್ಲೀನ್ ಹಿಂದಿನ ದಿನವೇ ತಿರಸ್ಕರಿಸಿದ್ದಳು. ಹದಿನಾಲ್ಕು ಮಂದಿ ನಗುತ್ತಿದ್ದರು, ಹದಿನಾಲ್ಕೂ ಬಿಳಿ ಮುಖ.

"ನೀವು ಹೇಳಿದ್ದು ಸರಿ, ವರ್ಲೀನ್," ಎಂದ ಡೇಲ್. "ಹೀಗೆ ಹಾಕಿದ್ರೆ ನಮ್ಮ ಮೇಲೆ ಕೇಸ್ ಬೀಳತ್ತೆ. ಸೋಮವಾರಕ್ಕೆ ಅಚ್ಚಿಗೆ ಹೋಗ್ಬೇಕು, ಎಲ್ಲಿಂದ ಜನ ತರ್ಲಿ? ನೀವೂ ನಿಮ್ಮ ತಾಯಿಯೂ ಬಂದು ಕೊಳದ ಹತ್ರ ನಿಂತ್ಕೋಬಾರ್ದಾ?"

ಹೋದರು. ಅಮ್ಮ ಹಳದಿ ಗೌನು ಹಾಕಿ, ಈಸ್ಟರ್ ಹಬ್ಬದ ಟೋಪಿ ಇಟ್ಟುಕೊಂಡು, ಕೊಳದ ಅಂಚಿನಲ್ಲಿ ಕೂತು ಕಾಲನ್ನು ನೀರಿಗೆ ಬಿಟ್ಟಳು. "ಅಯ್ಯೋ ನನ್ ತಾಯಿ, ಎಷ್ಟು ಹಾಯಾಗಿದ್ಯೇ!" ಎಂದು ಕೂಗಿದಳು. ಆ ಕೂಗಿಗೆ ವರ್ಲೀನ್ ನಕ್ಕಳು. ರಾಯ್ ಅದೇ ಕ್ಷಣ ಹಿಡಿದ. ಎಂಥಾ ಫೋಟೋ ಅಂತೀರಿ! ಸೋಮವಾರ ವರ್ಲೀನ್ ಎಂದಿನ ಹಾಗೆ ನಮೂನೆ ತುಂಬಿ, "ಈ ಚಿತ್ರಗಳು ಯಾರಿಗೂ ಒಲವು ತೋರಿಸಿಲ್ಲ, ಯಾರನ್ನೂ ದೂರ ಇಟ್ಟಿಲ್ಲ" ಎಂಬ ಸಾಲಿನ ಕೆಳಗೆ ದುಂಡಗೆ ಸಹಿ ಹಾಕಿದಳು. ತನ್ನ ಮುಖಕ್ಕೆ ತಾನೇ ಒಪ್ಪಿಗೆ ಕೊಟ್ಟಳು. ಮರುವಾರವೇ ಬಸ್ ನಿಲ್ದಾಣಗಳಲ್ಲೆಲ್ಲ ತಾಯಿ ಮಗಳು ಆಳೆತ್ತರಕ್ಕೆ ನಗುತ್ತಿದ್ದರು.

ಮನೆ ಅಲ್ಲೇ ಯಾಕೆ ಕೇಳಬಾರದು ಎಂದು ಅವಳಿಗೆ ಅನ್ನಿಸಿದ್ದರಲ್ಲಿ ತಪ್ಪೇನಿದೆ? ಜೂನ್‌ನಲ್ಲಿ ಅರ್ಜಿ ಹಿಡಿದು ಮೇಪಲ್ ರನ್ ಕಚೇರಿಗೆ ಹೋದಳು. ಬಾಡಿಗೆ ನೋಡಿಕೊಳ್ಳುವ ಕ್ರಿಸ್ಟಿ ಎಂಬ ಹುಡುಗಿ ಅವಳನ್ನು ಕಂಡೊಡನೆ ಎದ್ದು ಬಂದು ತಬ್ಬಿಕೊಂಡಳು. "ಅಯ್ಯೋ, ನಮ್ಮ ಪೋಸ್ಟರ್ ಆಂಟಿ!" ಎಂದಳು. ಅರ್ಜಿ ಓದಿದಳು. "ಛೇ, ಕೆಳಗಿನ ಮನೆಗಳೆಲ್ಲ ನಿನ್ನೇನೇ ಹೋಗ್ಬಿಟ್ವು. ಖಾಲಿ ಆದ್ರೆ ಮೊದ್ಲು ನಿಮ್ಗೇ ಫೋನ್ ಮಾಡ್ತೀನಿ ಆಯ್ತಾ?"

ಹತ್ತೊಂಬತ್ತು ವರ್ಷ ಈ ಕಸುಬಿನಲ್ಲಿ ಇದ್ದವಳಿಗೆ ಆ ನಗು ಗೊತ್ತಾಗದೇ ಇರುತ್ತದೆಯೇ? ಇದಕ್ಕೆಂದೇ ಒಂದು ಹಳೆಯ ಪರೀಕ್ಷೆ ಇದೆ. ಕರಿಯರೊಬ್ಬರು ಹೋಗಿ ಕೇಳುತ್ತಾರೆ. ಗಂಟೆ ಬಿಟ್ಟು, ಅದೇ ಸಂಬಳದ ಬಿಳಿಯರೊಬ್ಬರು ಹೋಗಿ ಅದೇ ಮನೆ ಕೇಳುತ್ತಾರೆ. ಉತ್ತರ ಎರಡಾದರೆ ಕಳ್ಳ ಸಿಕ್ಕ. ವರ್ಲೀನ್ ರಾಯ್‌ನನ್ನು ಬೇಡಿಕೊಂಡಳು. ಕ್ರಿಸ್ಟಿ ಹೊಸಬಳು, ಅವನ ಮುಖ ನೋಡಿದವಳಲ್ಲ. ಅವನು ಹೋಗಿ ಬಂದ. ಬಂದವನು ಬುತ್ತಿ ಬಿಚ್ಚಲಿಲ್ಲ.

"ನಾಲ್ಕು ಮನೆ ತೋರಿಸಿದ್ಳು," ಎಂದ. "ನಾಲ್ಕೂ ಕೆಳಗಿಂದು. ಬೀಗದ ಕೈ ಕೂಡ ಕೈಗೇ ಇಟ್ಳು ಕಣೇ."

ನಾಗರಿಕ ಹಕ್ಕುಗಳ ಆಯೋಗಕ್ಕೆ ದೂರು ಕೊಟ್ಟಳು. ವಿಚಾರಣೆ ಅಕ್ಟೋಬರಿಗೆ ಬಿತ್ತು. ಅಷ್ಟರೊಳಗೆ, ಸೆಪ್ಟೆಂಬರಿನಲ್ಲಿ, ಅಮ್ಮ ಇಪ್ಪತ್ತಾರನೇ ಮೆಟ್ಟಿಲಿಂದ ಉರುಳಿ ಸೊಂಟದ ಮೂಳೆ ಮುರಿದುಕೊಂಡಳು. ಆಸ್ಪತ್ರೆಯಿಂದ ಗಾಲಿಕುರ್ಚಿ ಸಮೇತ ನಾಲ್ವರು ಹೊತ್ತು ತಂದು ಮೂರನೇ ಮಹಡಿಯಲ್ಲಿ ಕೂರಿಸಿ ಹೋದರು. ಆಮೇಲೆ ಅವಳು ಕೆಳಗಿಳಿಯಲಿಲ್ಲ. ಕಿಟಕಿಯಿಂದ ಬಸ್ ನಿಲ್ದಾಣ ಕಾಣುತ್ತಿತ್ತು, ಅಲ್ಲಿ ತನ್ನ ಫೋಟೋ. "ನೋಡೇ, ನಾನಲ್ಲಿ ನೀರಲ್ಲಿ ಕಾಲು ಬಿಟ್ಕೊಂಡು ಆರಾಮಾಗಿದೀನಿ," ಎಂದು ಮಗಳಿಗೆ ತೋರಿಸುತ್ತಿದ್ದಳು.

ವಿಚಾರಣೆಯ ದಿನ ಡೇಲ್‌ನ ವಕೀಲ ಕೂಗಾಡಲಿಲ್ಲ. ಎರಡು ಕಾಗದ ಮೇಜಿನ ಮೇಲಿಟ್ಟ. ಒಂದು, ಕೊಳದ ಹತ್ತಿರದ ಫೋಟೋ. ಇನ್ನೊಂದು, ಸಹಿ ಹಾಕಿದ ನಮೂನೆ.

"ಇದು ಯಾರು, ಮೇಡಂ?"

"ನಾನು. ನಮ್ಮಮ್ಮ."

"ಈ ಸಹಿ?"

"ನಂದೇ."

"ಯಾರನ್ನೂ ದೂರ ಇಟ್ಟಿಲ್ಲ ಅಂತ ನೀವೇ ಬರೆದು ಕೊಟ್ಟಿದೀರಿ. ಹತ್ತೊಂಬತ್ತು ವರ್ಷದಲ್ಲಿ ನಿಮ್ಮ ಕಣ್ಣಿಗೆ ತಪ್ಪು ಬೀಳದೇ ಹೋಗಿದ್ದಿಲ್ಲ ಅಂತ ಇಡೀ ಕಚೇರಿ ಹೇಳತ್ತೆ. ಆವತ್ತು ಸುಳ್ಳು ಬರೆದ್ರಾ, ಇಲ್ಲಾ ಇವತ್ತು ಸುಳ್ಳು ಹೇಳ್ತಿದೀರಾ?"

ವರ್ಲೀನ್ ರಾಯ್ ಕಡೆ ತಿರುಗಿದಳು. ಅವನ ಒಂದು ಮಾತು ಸಾಕಿತ್ತು. ರಾಯ್ ಡೇಲ್ ಕಡೆ ನೋಡಿದ. ಆವತ್ತು ನೋಡಿದ್ದು ಕೆಳಗಿನ ಮನೆಯೋ ಮೇಲಿನದೋ ತನಗೆ ಸರಿಯಾಗಿ ನೆನಪಿಲ್ಲ ಎಂದ. ನಿವೃತ್ತಿಗೆ ಅವನಿಗೆ ಎರಡೇ ವರ್ಷ ಬಾಕಿ. ಹೊರಗೆ ಬಂದಾಗ, "ನನಗೂ ಹೆಂಡ್ತಿ ಇದಾಳೆ ಕಣೇ," ಎಂದ. ಅವಳು ಅವನ ಮುಖಕ್ಕೆ ಉಗುಳಬೇಕಿತ್ತು. ಉಗುಳಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಅಂತಾರಲ್ಲ, ಇಲ್ಲಿ ಬಾಗಿಲು ಹಾಕಿಕೊಂಡ ಪೂಜಾರಿಯ ಕೈಗೆ ಬೀಗ ಕೊಟ್ಟವಳೂ ಅವಳೇ. ದೂರು ವಜಾ ಆಯಿತು.

ಕೆಲಸದಿಂದ ತೆಗೆಯಲಿಲ್ಲ. ದೂರು ಕೊಟ್ಟವರನ್ನು ತೆಗೆದರೆ ಅದು ಇನ್ನೊಂದು ಅಪರಾಧ ಎಂದು ಡೇಲ್‌ಗೆ ಗೊತ್ತು, ಹೇಳಿಕೊಟ್ಟವಳೂ ವರ್ಲೀನೇ. ಅವಳು ಅದೇ ಕುರ್ಚಿಯಲ್ಲಿ ಕೂತು ಅದೇ ನಮೂನೆ ತುಂಬಿದಳು. ಬುತ್ತಿಯನ್ನು ಮಾತ್ರ ಒಬ್ಬಳೇ ಬಿಚ್ಚಿದಳು.

ಮರುವರ್ಷದ ಏಪ್ರಿಲಿನಲ್ಲಿ ಡೇಲ್ ಮತ್ತೆ ಅವಳ ಮೇಜಿನ ಹತ್ತಿರ ಬಂದ. ದನಿ ಬೆಣ್ಣೆ.

"ವರ್ಲೀನ್, ಹೊಸ ಫೋಟೋ ತೆಗೀಬೇಕು. ಊನ ಇರೋರು ಒಬ್ರೂ ಕಾಣ್ತಿಲ್ಲ ಅಂತ ಹೋದ್ ತಿಂಗಳು ನೀವೇ ಚೀಟಿ ಬರೆದಿದ್ರಿ. ನಿಮ್ಮ ತಾಯಿ ಈಗ ಗಾಲಿಕುರ್ಚೀಲಿ ಇದಾರಂತಲ್ಲ?"

ಚೀಟಿ ಬರೆದದ್ದು ನಿಜ. ಆ ಹಾಳು ಕಣ್ಣು ತಪ್ಪು ಕಂಡರೆ ಸುಮ್ಮನಿರುವುದಿಲ್ಲವಲ್ಲ.

ಆಗುವುದಿಲ್ಲ ಎಂದು ಹೇಳಿಯೇ ಮನೆಗೆ ಬಂದಳು. ಅಮ್ಮನ ಮುಂದೆ ಎಲ್ಲವನ್ನೂ ಕಾರಿಕೊಂಡಳು. ಅಮ್ಮ ಕೇಳಿಸಿಕೊಂಡದ್ದು ಒಂದೇ ಮಾತು.

"ಅಂದ್ರೆ ನನ್ನ ಕೆಳಗಿಳಿಸ್ತಾರೇನೇ?"

"ಫೋಟೋಗೆ ಅಮ್ಮ. ಬರೀ ಫೋಟೋಗೆ."

"ಆದ್ರೇನು? ಏಳು ತಿಂಗಳಾಯ್ತು ನೆಲ ಮುಟ್ಟಿ. ಹಳದಿದು ಇಸ್ತ್ರಿ ಮಾಡು."

ಪಕ್ಕದ ಮನೆಯ ಗಂಡಸರು ನಲವತ್ತೊಂದು ಮೆಟ್ಟಿಲು ಹೊತ್ತು ಇಳಿಸಿದರು. ಮೇಪಲ್ ರನ್‌ನಲ್ಲಿ ಬಿಸಿಲು ಚೆನ್ನಾಗಿತ್ತು. ಕ್ರಿಸ್ಟಿ ನಿಂಬೆ ಪಾನಕ ತಂದುಕೊಟ್ಟು ಅಮ್ಮನ ಟೋಪಿ ಸರಿಮಾಡಿದಳು. ರಾಯ್ ಕ್ಯಾಮೆರಾದ ಹಿಂದಿನಿಂದ ತಲೆ ಎತ್ತಲೇ ಇಲ್ಲ. ಹುಲ್ಲಿನ ಆಚೆ ನೆಲಮಟ್ಟದ ಮನೆಗಳು ಸಾಲಾಗಿ ನಿಂತಿದ್ದವು, ಎರಡರ ಕಿಟಕಿಯಲ್ಲಿ 'ಬಾಡಿಗೆಗಿದೆ' ಎಂಬ ಹಲಗೆ. ಯಾವ ಬಾಗಿಲಿಗೂ ಒಂದೇ ಒಂದು ಮೆಟ್ಟಿಲೂ ಇರಲಿಲ್ಲ.

ಅಮ್ಮ ಅವನ್ನೇ ಒಂದೊಂದಾಗಿ ನೋಡಿದಳು. ಆಮೇಲೆ ಮಗಳ ಕೈ ಹಿಡಿದು ಮೆಲ್ಲಗೆ ಕೇಳಿದಳು:

"ಇದ್ರಲ್ಲಿ ನಮ್ದು ಯಾವ್ದೇ?"

ವರ್ಲೀನ್ ಕುರ್ಚಿಯನ್ನು ಕ್ಯಾಮೆರಾ ಕಡೆ ತಿರುಗಿಸಿ, ಗಾಲಿಗೆ ತಡೆ ಹಾಕಿದಳು.

"ನಗಮ್ಮ," ಎಂದಳು. "ಬೇಗ ನಗು. ನಾಳೆ ನಾನು ಸಹಿ ಹಾಕ್ಬೇಕು."