ಬಚ್ಚಲುಮನೆಗೆ ಬಿದ್ದ ಬೀಗ

ಎದುರುಮನೆಯಲ್ಲಿ ಬಾಣಂತಿಗೆ ಸಾಂಬ್ರಾಣಿ ಹೊಗೆ ಹಾಕುತ್ತಿದ್ದಾರೆ. ಕಿಟಕಿಯಿಂದ ಆ ವಾಸನೆ ಬಂದಾಗಲೆಲ್ಲ ಹಾಸನದ ಹಳೇ ಮನೆಯ ಓನರ್ ಅಕ್ಕ ನೆನಪಾಗುತ್ತಾರೆ. ಮೈ ಉರಿಯುತ್ತದೆ.

ಅವರ ಹಿತ್ತಿಲ ಮನೆಯಲ್ಲಿ ನಾವು ಬಹಳ ವರ್ಷ ಬಾಡಿಗೆಗಿದ್ದೆವು. ಬಚ್ಚಲುಮನೆ ಹೊರಗಡೆ, ಎರಡು ಸಂಸಾರಕ್ಕೂ ಒಂದೇ. ನನ್ನ ಮಗಳು ಹೆರಿಗೆಗೆ ಬಂದಾಗ ಹಂಡೆಗೆ ಉರಿ ಹಾಕಿ, ಹರಳೆಣ್ಣೆ ಕಾಯಿಸಿ, ಮೊದಲ ನೀರು ಎರೆದವರೂ ಅವರೇ. ಮಗುವಿನ ಕಾಲು ನೀವುತ್ತಾ "ಇದು ನಮ್ಮನೆ ಕೂಸು ಕಣವ್ವ" ಅನ್ನುತ್ತಿದ್ದರು. ನಾನು ಪೆದ್ದಿ, ನಂಬಿದ್ದೆ.

ಬಾಣಂತನಕ್ಕೆ ತಿಂಗಳು ತುಂಬುವಷ್ಟರಲ್ಲಿ ಅರಕಲಗೂಡಿನಲ್ಲಿದ್ದ ಅವರ ಅಳಿಯನಿಗೆ ಹಾಸನಕ್ಕೆ ವರ್ಗವಾಯಿತು. ಒಂದು ಬೆಳಿಗ್ಗೆ ಅಕ್ಕ ಬಾಗಿಲಲ್ಲೇ ನಿಂತು, "ಅಳಿಯಂದ್ರಿಗೆ ಮನೆ ಬೇಕು, ಈ ವಾರ್ದಲ್ಲೇ ಖಾಲಿ ಮಾಡ್ಕೊಡಿ" ಅಂದರು.

"ಅಕ್ಕ, ಹಸಿ ಬಾಣಂತಿ ಕಟ್ಕಂಡು ಎಲ್ಲಿಗೋಗ್ಲಿ? ಮೂರು ತಿಂಗ್ಳು ತುಂಬೋಗಂಟ ಹೊಸ್ಲು ದಾಟಿಸ್ಬಾರ್ದು ಅಂತ ನೀವೇ ಹೇಳಿದ್ದಲ್ವಾ? ಕರಾರಲ್ಲೂ ಎರಡು ತಿಂಗ್ಳು ಮುಂಚೆ ನೋಟಿಸ್ ಕೊಡ್ಬೇಕು ಅಂತೈತೆ."

"ನೋಟಿಸಂತೆ ನೋಟಿಸು! ನನ್ ಮನೆ ಬಿಡ್ಸಕ್ಕೆ ನನ್ ಬಾಯಿ ಸಾಲ್ದಾ? ಬಾಣಂತೀನ ಮುಂದಿಟ್ಕಂಡು ನಾಟ್ಕ ಆಡ್ಬ್ಯಾಡ ಓಗು."

ಮಾರನೆಯ ದಿನ ಬಚ್ಚಲುಮನೆಗೆ ಬೀಗ ಬಿದ್ದಿತ್ತು. ಮೈಗೆಲ್ಲ ಎಣ್ಣೆ ಹಚ್ಚಿಸಿಕೊಂಡ ಮಗಳು ಅದರ ಮುಂದೆ ನಡುಗುತ್ತಾ ನಿಂತಿದ್ದಳು. ಗ್ಯಾಸಿನ ಮೇಲೆ ನೀರು ಕಾಯಿಸಿ, ಅಡುಗೆಮನೆಯ ಮೂಲೆಯಲ್ಲಿ ಕೂರಿಸಿ ಎರೆದೆ. ಅವತ್ತು ನಾನು ಹಾಕಿದ ಶಾಪ ಇಲ್ಲಿ ಬರೆಯುವಂಥದ್ದಲ್ಲ…

ಯಜಮಾನರು ವಕೀಲರೊಬ್ಬರನ್ನು ಕಂಡರು. ಲಿಖಿತ ನೋಟಿಸ್ ಕೊಡದೆ, ಗಡುವು ಮುಗಿಯದೆ ಎಬ್ಬಿಸುವಂತಿಲ್ಲ. ಆಮೇಲೂ ಬಿಡದಿದ್ದರೆ ಕೋರ್ಟಿಗೆ ಹೋಗಬೇಕೇ ಹೊರತು ನೀರು, ಬಚ್ಚಲು ತಡೆಯುವಂತಿಲ್ಲ ಎಂದು ವಕೀಲರು ಅಕ್ಕನಿಗೆ ಖಾರವಾಗಿಯೇ ಕಾಗದ ಬರೆದರು. ಅಕ್ಕ ಬೀಗ ತೆಗೆದರು. ಎರಡು ತಿಂಗಳ ನೋಟಿಸೂ ಬಂತು. ಒಂದೇ ಕಾಂಪೌಂಡಿನೊಳಗೆ, ಪೋಸ್ಟಿನಲ್ಲಿ! ಆ ಎರಡು ತಿಂಗಳು ನನ್ನನ್ನು ಕಂಡರೆ ಅವರು ದಢಾರನೆ ಬಾಗಿಲು ಹಾಕಿಕೊಳ್ಳುತ್ತಿದ್ದರು. ಅವರನ್ನು ಕಂಡರೆ ನಾನು ಕ್ಯಾಕರಿಸಿ ಉಗಿಯುತ್ತಿದ್ದೆ. ಮಗಳ ಬಾಣಂತನಕ್ಕೆ ಮೂರು ತಿಂಗಳು ತುಂಬಿದ ಮೇಲೆಯೇ ಮನೆ ಬಿಟ್ಟೆವು. ಹೊರಡುವಾಗ ಮಗುವನ್ನು ನೋಡಲೂ ಅವರು ಈಚೆಗೆ ಬರಲಿಲ್ಲ.

ಮೊನ್ನೆ ಅವರು ತೀರಿಕೊಂಡ ಸುದ್ದಿ ಬಂತು. "ಮುಖ ನೋಡ್ಕಂಡು ಬರನಾ?" ಅಂದರು ಯಜಮಾನರು. ನಾನು ಏಳಲಿಲ್ಲ, ಸೊಪ್ಪು ಬಿಡಿಸುತ್ತಾ ಕೂತೆ.

"ಯಾರು ಹೋಗಿದ್ದು, ಅತ್ತೆ?" ಎಂದಳು ಸೊಸೆ.

ಹಳೇ ಮನೆ ಓನರ್ರು ಅನ್ನಬೇಕೆಂದುಕೊಂಡೆ. ಬಾಯಿಗೆ ಬಂದದ್ದು, "ಬೇಕಾದೋರು…"