ಬೇರೊಬ್ಬನ ಕೇಸು

ನಾನು ರಜೆ ಹಾಕದ ಹೆಂಗಸು. ಬೆಂಗಳೂರಿನ ಆಫೀಸಿನಲ್ಲಿ ಅದೊಂದು ಹೆಚ್ಚುಗಾರಿಕೆಯಾಗಿತ್ತು. ಸ್ವೀಡನ್ನಿನ ಕಿಸ್ಟಾಕ್ಕೆ ಬಂದ ಮೇಲೂ ಆ ಚಟ ಬಿಡಲಿಲ್ಲ. ಜುಲೈ ತಿಂಗಳಲ್ಲಿ ಸ್ವೀಡಿಷ್ ಸಹೋದ್ಯೋಗಿಗಳೆಲ್ಲ ಕೆರೆ ದಂಡೆ ಸೇರಿದರೆ, ಖಾಲಿ ಆಫೀಸಿನಲ್ಲಿ ನಾನೊಬ್ಬಳೇ ಸರ್ವರ್ ಕಾಯುತ್ತ ಕೂರುತ್ತಿದ್ದೆ. ರಜೆ ತಗೋ ಎಂದು ಮ್ಯಾನೇಜರ್ ಎರಡು ಸಲ ಹೇಳಿದ. ಬಾಯುಪಚಾರದ ಮಾತೆಂದುಕೊಂಡೆ.

ಕೆಲಸದ ಪರ್ಮಿಟ್ ಮುಂದುವರಿಸಲು ಅರ್ಜಿ ಹಾಕಿದಾಗ ತಿರಸ್ಕಾರದ ಪತ್ರ ಬಂತು. ಕಾನೂನು ಕೊಡಿಸುವ ರಜೆಯನ್ನು ನಾನು ಪಡೆದಿಲ್ಲ, ಹಾಗಾಗಿ ನನ್ನ ಉದ್ಯೋಗ ಇಲ್ಲಿನ ಷರತ್ತಿಗೆ ತಕ್ಕಂತಿಲ್ಲ, ಗಂಡ ಮಗಳ ಸಮೇತ ದೇಶ ಬಿಡಬೇಕು. ಹೆಚ್ಚು ದುಡಿದದ್ದಕ್ಕೆ ಗಡೀಪಾರು! ಮೈಯೆಲ್ಲ ಉರಿದುಹೋಯಿತು.

"ರಜಾ ಹಾಕು ಹಾಕು ಅಂತ ಬಡ್ಕೊಂಡೆ. ನೀನೆಲ್ಲಿ ಕೇಳ್ತೀಯ," ಎಂದ ನನ್ನ ಗಂಡ. ನನ್ನ ಮುಖ ನೋಡಿ ಮೆತ್ತಗಾದ. "ಅಪೀಲ್ ಹಾಕೋಣ ಬಿಡು. ಲಾಯರ್‌ನ ನಾನೇ ಹುಡುಕ್ತೀನಿ."

ಲಾಯರಮ್ಮ ಅರವತ್ತು ದಾಟಿದವರು, ಅಮೆರಿಕದಲ್ಲೂ ಒಂದಷ್ಟು ಕಾಲ ಕಾನೂನು ಓದಿದವರು. ನನ್ನ ಗೋಳನ್ನೆಲ್ಲ ತೋಡಿಕೊಂಡೆ. ಅವರು ಕಾಫಿ ಬಗ್ಗಿಸುತ್ತ, "ನೀವೆಷ್ಟು ದುಡಿದಿರಿ ಅನ್ನೋದು ಇರಲಿ. ನಮಗೆ ಬೇಕಿರೋದು ಇನ್ನೊಬ್ಬರ ಕೇಸು," ಎಂದರು. ಅಮೆರಿಕದಲ್ಲಾದರೆ ಮೇಲಿನ ಕೋರ್ಟಿನ ತೀರ್ಪೇ ಕಾನೂನಾಗಿಬಿಡುತ್ತದಂತೆ. ಅಂಥದೇ ಕೇಸು ಬಂದಾಗ ಕೆಳಗಿನ ನ್ಯಾಯಾಧೀಶರು ಅದನ್ನು ಮೀರುವಂತಿಲ್ಲ. ಇಲ್ಲಿ ಸಂಸತ್ತು ಬರೆದದ್ದೇ ಮೊದಲು. ಆದರೂ ಅದನ್ನು ಹೀಗೆ ಓದಬೇಕು ಎಂದು ಮೇಲಿನ ಕೋರ್ಟು ಹೇಳಿದ ಮೇಲೆ ಕೆಳಗಿನವರು ಬೇರೆ ಥರ ಓದುವುದು ಅಪರೂಪ.

ಅಂಥದೊಂದು ತೀರ್ಪು ಅವರ ಬಳಿ ಇತ್ತು. ನಮ್ಮ ಹಾಗೇ ಹೊರಗಿನಿಂದ ಬಂದ ಎಂಜಿನಿಯರ್ ಒಬ್ಬನಿಗೆ ಅವನ ಕಂಪನಿ ಕೆಲವು ತಿಂಗಳು ವಿಮೆ ಮಾಡಿಸಲು ಮರೆತಿತ್ತು. ಅದೊಂದೇ ಕಾರಣಕ್ಕೆ ಪರ್ಮಿಟ್ ತಪ್ಪಿದಾಗ ಅವನು ಮೇಲಿನ ಕೋರ್ಟಿನವರೆಗೂ ಹೋದ. ಒಂದು ತಪ್ಪನ್ನೇ ಹಿಡಿದು ಕೂರದೆ ಇಡೀ ಉದ್ಯೋಗವನ್ನು ನೋಡಿ ತೀರ್ಮಾನಿಸಿ ಎಂದು ಕೋರ್ಟು ಹೇಳಿತ್ತು. ತೀರ್ಪಿನಲ್ಲಿ ಅವನ ಹೆಸರಿರಲಿಲ್ಲ. ಮೆಟ್ರೊದಲ್ಲಿ ಕೂತು, ಫೋನಿನಲ್ಲಿ ಅನುವಾದ ಮಾಡಿಕೊಂಡು ಹತ್ತಾರು ಸಲ ಓದಿದೆ. ಅವನದು ವಿಮೆ, ನನ್ನದು ರಜೆ. ಎರಡೂ ಒಂದೇ ಬಗೆಯ ತಪ್ಪೆಂದು ನ್ಯಾಯಾಧೀಶರಿಗೆ ಅನ್ನಿಸದಿದ್ದರೆ ಎಂದು ಹೆದರಿಕೆ.

ಅನ್ನಿಸಿತು. ಐದು ತಿಂಗಳ ಮೇಲೆ ಬಂದ ನಮ್ಮ ತೀರ್ಪಿನಲ್ಲಿ ಅವನ ಕೇಸಿನ ಸಂಖ್ಯೆ ಇತ್ತು. ನಾವು ಇಲ್ಲೇ ಉಳಿಯಬಹುದು ಎಂದಿತ್ತು.

ಲಾಯರಮ್ಮನಿಗೆ ಫೋನ್ ಮಾಡಿ, ಆ ಎಂಜಿನಿಯರಿಗೆ ನನ್ನ ಕೃತಜ್ಞತೆ ತಿಳಿಸಲಾದೀತೇ ಎಂದು ಕೇಳಿದೆ.

"ಅವನ ವಕೀಲೆ ನಾನೇ," ಎಂದರು ಅವರು. "ಅವನು ಇಲ್ಲಿಲ್ಲ. ಕಾದು ಕಾದು ಸಾಕಾಗಿ, ತೀರ್ಪು ಬರುವ ಮೊದಲೇ ಊರಿಗೆ ಹೊರಟುಹೋದ."

"ಗೆದ್ದದ್ದು ಗೊತ್ತಾದಾಗ ಏನಂದ?"

"ಮಕ್ಕಳು ಅಲ್ಲಿನ ಶಾಲೆಗೆ ಸೇರಿಯಾಯಿತು, ಮತ್ತೆ ಕಿತ್ತು ತರಲಾರೆ ಅಂದ. ಆಮೇಲೆ, ಈ ತೀರ್ಪು ಇನ್ಯಾರಿಗಾದರೂ ಉಪಯೋಗಕ್ಕೆ ಬರುತ್ತಾ ಅಂತ ಕೇಳಿದ."

ನಾನು ಅಡುಗೆಮನೆಯಲ್ಲಿ ನಿಂತಲ್ಲೇ ಅತ್ತುಬಿಟ್ಟೆ.